ಮುತ್ತುಲಕ್ಷ್ಮಿ ರೆಡ್ಡಿಯವರನ್ನು ‘ಮೊದಲಿಗರ ಪಟ್ಟಿ’ಯಿಂದ ಬಿಡಿಸಿ

ಡಿಗ್ರಿ ಮುಗಿದ ಮೇಲೆ ಒಂದೂವರೆ ವರ್ಷ ನಾನು ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳ ಜೊತೆ ಸಂಸಾರ ಮಾಡಿದ್ದೇನೆ. ಆ ಗೈಡುಗಳಲ್ಲಿ ‘ಭಾರತದಲ್ಲಿ ಮೊದಲಿಗರು’ ಅಂತ ಒಂದು ಅಧ್ಯಾಯ ಇರುತ್ತದೆ. ಎವರೆಸ್ಟ್ ಹತ್ತಿದ ಮೊದಲ ಮಹಿಳೆ, ಇಂಗ್ಲಿಷ್ ಕಾಲುವೆ ಈಜಿದ ಮೊದಲ ಮಹಿಳೆ, ನಡುವೆ ಎಲ್ಲೋ ಒಂದು ಸಾಲು: ಮೊದಲ ಮಹಿಳಾ ಶಾಸಕಿ, ಡಾ. ಮುತ್ತುಲಕ್ಷ್ಮಿ ರೆಡ್ಡಿ. ಎಷ್ಟೋ ಸಲ ಬಾಯಿಪಾಠ ಮಾಡಿದ ಆ ಹೆಸರಿನ ಹೆಂಗಸು ಶಾಸನಸಭೆಗೆ ಹೋಗಿ ಏನು ಮಾಡಿದರು ಅಂತ ಕೇಳಬೇಕು ಎಂದು ನನಗೆ ಆಗ ಒಮ್ಮೆಯೂ ಅನ್ನಿಸಲಿಲ್ಲ. ಶಿಖರ ಹತ್ತಿದವರಿಗೆ ಹತ್ತಿದ್ದೇ ಕೆಲಸ. ಶಾಸಕಿಯಾದವರಿಗೆ ಆದದ್ದೇ ಕೆಲಸವೇ?

ಆ ಸಾಲು ಸರಿಯೂ ಅಲ್ಲ, ಅಂದರೆ ಪೂರ್ತಿ ಸರಿಯಲ್ಲ. ತಿರುವಾಂಕೂರು ಸಂಸ್ಥಾನದ ಪರಿಷತ್ತಿಗೆ ಕೆಲವು ವರ್ಷ ಮೊದಲೇ ಡಾ. ಮೇರಿ ಪೂನನ್ ಲೂಕೋಸ್ ನಾಮಕರಣಗೊಂಡಿದ್ದರು. ಅವರೂ ವೈದ್ಯೆಯೇ. ‘ಬ್ರಿಟಿಷ್ ಇಂಡಿಯಾದಲ್ಲಿ’ ಎಂಬ ಮಾತು ಸೇರಿಸಿದರೆ ಮಾತ್ರ ಮುತ್ತುಲಕ್ಷ್ಮಿಯವರು ಮೊದಲಿಗರು. ಆದರೆ ನನ್ನ ತಕರಾರು ಪಟ್ಟಿಯ ತಪ್ಪಿನ ಬಗ್ಗೆ ಅಲ್ಲ, ಪಟ್ಟಿಯ ಬಗ್ಗೆಯೇ. 2019ರ ಜುಲೈ 30ರಂದು ಅವರ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಒಂದು ಚಿತ್ರ ಹಾಕಿತು. ತಮಿಳುನಾಡು ಸರ್ಕಾರ ಆ ದಿನವನ್ನು ‘ಆಸ್ಪತ್ರೆ ದಿನ’ ಎಂದು ಆಚರಿಸುವುದಾಗಿ ಹೇಳಿತು. ಅಂದಿನಿಂದ ಪ್ರತಿ ಜುಲೈ ಕೊನೆಯಲ್ಲಿ ನಮ್ಮ ಫೋನುಗಳಿಗೆ ಅದೇ ಚಿತ್ರ, ಅದೇ ನಾಲ್ಕು ಸಾಲು, ಕೊನೆಗೆ ಕೈಮುಗಿಯುವ ಗುರುತು. ಮೊದಲ ವಿದ್ಯಾರ್ಥಿನಿ, ಮೊದಲ ಹೌಸ್ ಸರ್ಜನ್, ಮೊದಲ ಶಾಸಕಿ, ಮೊದಲ ಉಪಸಭಾಪತಿ. ಇಷ್ಟೊಂದು ‘ಮೊದಲು’ಗಳ ಹಾರ ಹಾಕಿದರೆ ಕೊರಳಿನ ಮೇಲಿರುವ ಮುಖ ಕಾಣುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕಾಟವಿದೆ. ಚುನಾವಣೆ ಬಂದಾಗಲೆಲ್ಲ ಹೆಸರಿನ ಹಿಂದೆ ‘ಡಾ.’ ಇರುವ ಅಭ್ಯರ್ಥಿಯ ಪರವಾಗಿ ಒಂದು ವಾದ ಏಳುತ್ತದೆ: ಡಾಕ್ಟರು ರಾಜಕೀಯಕ್ಕೆ ಬಂದರೆ ರೋಗಿಯ ನಾಡಿ ಹಿಡಿದಂತೆ ಸಮಾಜದ ನಾಡಿ ಹಿಡಿಯುತ್ತಾರೆ, ಓದಿದವರು ಬಂದರೆ ಎಲ್ಲ ಸರಿಹೋಗುತ್ತದೆ. ಈ ವಾದಕ್ಕೆ ಸಾಕ್ಷಿಯಾಗಿ ಬಿ.ಸಿ. ರಾಯ್ ಅವರನ್ನು ಕರೆತರುತ್ತಾರೆ, ಮುತ್ತುಲಕ್ಷ್ಮಿಯವರನ್ನೂ ಕರೆತರುತ್ತಾರೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಮುತ್ತುಲಕ್ಷ್ಮಿಯವರ ಶಾಸಕಿ ಜೀವನದಲ್ಲಿ ಒಳ್ಳೆಯದಾದದ್ದು ಅವರು ಡಾಕ್ಟರಿಕೆಯನ್ನು ಪಕ್ಕಕ್ಕಿಟ್ಟು ಕಾನೂನಿನ ಕಲಮು ಬರೆಯಲು ಕೂತಾಗ. ಎಡವಿದ್ದು, ಕಾನೂನು ಬರೆಯುವಾಗಲೂ ಡಾಕ್ಟರಾಗಿಯೇ ಉಳಿದಾಗ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದು ಎಲ್ಲ ಕಡೆ ಸಿಗುತ್ತದೆ. 1886ರಲ್ಲಿ ಪುದುಕ್ಕೋಟೈ ಸಂಸ್ಥಾನದಲ್ಲಿ ಹುಟ್ಟಿದರು. ಅಪ್ಪ ನಾರಾಯಣಸ್ವಾಮಿ ಅಯ್ಯರ್, ಅಲ್ಲಿನ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರು. ಅಮ್ಮ ಚಂದ್ರಮ್ಮಾಳ್ ದೇವದಾಸಿ ಸಮುದಾಯದವರು. ಗಂಡುಹುಡುಗರ ಕಾಲೇಜಿನಲ್ಲಿ ಓದಿ, ಮದರಾಸು ಮೆಡಿಕಲ್ ಕಾಲೇಜಿನಿಂದ 1912ರಲ್ಲಿ ಡಾಕ್ಟರಾಗಿ ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ಅಮ್ಮನ ಮನೆತನದ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶಾಸನಸಭೆಗೆ ಅವರು ಹೋದ ದಾರಿಯಲ್ಲಿ ನಮ್ಮ ಕರಾವಳಿಗೂ ಒಂದು ಪಾತ್ರವಿದೆ. ಮದರಾಸು ಪ್ರಾಂತ್ಯದಲ್ಲಿ ಹೆಂಗಸರಿಗೆ ವೋಟು ಹಾಕುವ ಹಕ್ಕು 1921ರಲ್ಲಿ ಬಂದಿತ್ತು. ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1926ರಲ್ಲಿ. ಆಗ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅಲ್ಲಿಂದ ನಿಂತು, ತೀರ ಕಡಿಮೆ ಅಂತರದಲ್ಲಿ ಸೋತರು. ವೋಟು ಕೇಳಿದ ಹೆಂಗಸು ಸೋತರು, ವೋಟು ಕೇಳದ ಹೆಂಗಸು ಒಳಗೆ ಹೋದರು. ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿನವರು ಮುತ್ತುಲಕ್ಷ್ಮಿಯವರ ಹೆಸರು ಹೇಳಿದರು, ಸರ್ಕಾರ ನಾಮಕರಣ ಮಾಡಿತು. ನಡೆಯುತ್ತಿದ್ದ ಪ್ರಾಕ್ಟೀಸು ಬಿಟ್ಟು ಹೋಗಲು ಅವರಿಗೆ ಮನಸ್ಸಿರಲಿಲ್ಲ. ಹೋದರು. ಸದಸ್ಯರು ಅವರನ್ನು ಉಪಸಭಾಪತಿಯಾಗಿ ಆರಿಸಿದರು. ಜನರಿಂದ ಆರಿಸಿ ಬಂದವರಲ್ಲ ಎಂಬ ಈ ಸಂಗತಿಯನ್ನು ಅಭಿಮಾನಿಗಳು ಮೆಲ್ಲಗೆ ದಾಟಿಸುತ್ತಾರೆ. ದಾಟಿಸಬೇಕಿಲ್ಲ. ನಾಮಕರಣದ ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಕುರ್ಚಿ ಹೇಗೆ ಬಂತು ಅನ್ನುವುದಕ್ಕಿಂತ ಅದರಲ್ಲಿ ಕೂತು ಏನು ಬರೆದರು ಅನ್ನುವುದನ್ನು ನೋಡೋಣ.

ಇಲ್ಲಿ ಒಂದು ಕಥೆಯನ್ನು ಎದುರಿಸಲೇಬೇಕು. ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ದೇವದಾಸಿ ಪದ್ಧತಿ ಉಳಿಯಬೇಕು ಎಂದು ಸತ್ಯಮೂರ್ತಿಯವರು ವಾದಿಸಿದರಂತೆ, ಹಾಗಾದರೆ ಇಷ್ಟು ದಿನ ನಮ್ಮ ಮನೆಯ ಹೆಣ್ಣುಮಕ್ಕಳು ಮಾಡಿದ್ದು ಸಾಕು, ಇನ್ನು ನಿಮ್ಮ ಮನೆಯವರು ಮಾಡಲಿ ಎಂದು ಮುತ್ತುಲಕ್ಷ್ಮಿಯವರು ತಿರುಗೇಟು ಕೊಟ್ಟರಂತೆ, ಸಭೆ ಸ್ತಬ್ಧವಾಯಿತಂತೆ. ಸಿನಿಮಾಕ್ಕೆ ಹೇಳಿಮಾಡಿಸಿದ ದೃಶ್ಯ. ಇದೇ ಮಾತನ್ನು ಮೂವಲೂರು ರಾಮಾಮೃತಮ್ಮಾಳ್ ಅವರ ಬಾಯಲ್ಲಿಟ್ಟು ಹೇಳುವವರೂ ಇದ್ದಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ. ಸತ್ಯಮೂರ್ತಿಯಂಥ ಕಾಂಗ್ರೆಸ್ಸಿಗರು ವಿರೋಧಿಸಿದ್ದು ನಿಜ, ಗಾಂಧಿ ‘ಯಂಗ್ ಇಂಡಿಯಾ’ದಲ್ಲಿ ಬೆಂಬಲಿಸಿ ಬರೆದದ್ದು ನಿಜ, ಪೆರಿಯಾರ್ ಜೊತೆಗೆ ನಿಂತದ್ದು ನಿಜ. ಆದರೆ ಈ ತಿರುಗೇಟಿನ ಕಥೆ ನಿಜವೋ ಅಲ್ಲವೋ ಅನ್ನುವುದಕ್ಕಿಂತ, ನಮಗೆ ಇದೇ ಯಾಕೆ ಇಷ್ಟ ಅನ್ನುವುದು ನನ್ನ ಪ್ರಶ್ನೆ. ನಾಲ್ಕು ವರ್ಷ ಸಭೆಯಲ್ಲಿ ಕೂತು ಗೊತ್ತುವಳಿ ಮಂಡಿಸಿ, ಮಸೂದೆ ತಿದ್ದಿ, ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದ ಹೆಂಗಸನ್ನು ನಾವು ಒಂದು ಜಗಳದ ಡೈಲಾಗಿಗೆ ಇಳಿಸಿಬಿಟ್ಟಿದ್ದೇವೆ. ಶಾಸಕರ ಕೆಲಸವೆಂದರೆ ಸದನದಲ್ಲಿ ಬಾಯಿ ಮಾಡುವುದು ಎಂದು ನಂಬಿರುವ ನಾಡು ತನ್ನ ಹಿರಿಯರನ್ನೂ ಹಾಗೆಯೇ ನೆನೆಯುತ್ತದೆ.

ಅವರು ಬರೆದದ್ದಕ್ಕೆ ಬರುತ್ತೇನೆ. 1927ರಲ್ಲಿ ಅವರು ಒಂದು ಗೊತ್ತುವಳಿ ಮಂಡಿಸಿದರು: ಎಳೆಯ ಹೆಣ್ಣುಮಕ್ಕಳನ್ನು ದೇವಸ್ಥಾನಗಳಿಗೆ ಅರ್ಪಿಸುವುದನ್ನು ನಿಲ್ಲಿಸಲು ಸರ್ಕಾರ ಕಾನೂನು ತರಬೇಕು. ಸಭೆ ಒಪ್ಪಿತು. ಒಪ್ಪಿದ್ದು ದೊಡ್ಡದಲ್ಲ, ಗೊತ್ತುವಳಿ ಒಪ್ಪಲು ಯಾರಿಗೂ ಖರ್ಚಿಲ್ಲ. ಹದಿನೆಂಟು ವರ್ಷದೊಳಗಿನ ಹೆಣ್ಣುಮಕ್ಕಳನ್ನು ವೇಶ್ಯಾವೃತ್ತಿಗಾಗಿ ಮಾರುವುದು, ಕೊಳ್ಳುವುದು ದಂಡಸಂಹಿತೆಯ 372, 373ನೇ ಕಲಮುಗಳಡಿ ಆಗಲೇ ಅಪರಾಧವಾಗಿತ್ತು. ಆದರೂ ಪೊಟ್ಟುಕಟ್ಟು ನಡೆಯುತ್ತಲೇ ಇತ್ತು. ಯಾಕೆ ಎಂದು ಕೇಳಿದರೆ ಭಕ್ತಿ ಎನ್ನುವವರಿದ್ದರು, ಬಡತನ ಎನ್ನುವವರಿದ್ದರು, ಹೆಣ್ಣಿನ ಚಪಲ ಎನ್ನುವವರೂ ಇದ್ದರು. ಮುತ್ತುಲಕ್ಷ್ಮಿಯವರು ಬೇರೊಂದು ಕಡೆ ಕೈಯಿಟ್ಟರು. ಜಮೀನಿನ ಮೇಲೆ.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ದೇವಸ್ಥಾನದ ಸೇವೆಯಲ್ಲಿದ್ದ ಹೆಂಗಸಿಗೆ ಇನಾಂ ಜಮೀನು ಇರುತ್ತಿತ್ತು, ಇಲ್ಲವೇ ಜಮೀನಿನ ಕಂದಾಯದಲ್ಲಿ ಒಂದು ಪಾಲು. ಅದು ಅವಳದ್ದೇ, ಆದರೆ ಒಂದು ಷರತ್ತಿನ ಮೇಲೆ: ಸೇವೆ ನಡೆಯಬೇಕು. ಇವಳಿಗೆ ವಯಸ್ಸಾದರೆ ಸೇವೆಗೆ ಇನ್ನೊಬ್ಬಳು ಬೇಕು. ಹೆತ್ತ ಮಗಳಾಗಲಿ, ದತ್ತು ತಂದವಳಾಗಲಿ, ಆ ಮನೆಯಿಂದ ಒಂದು ಎಳೆಯ ಹುಡುಗಿಗೆ ತಾಳಿ ಕಟ್ಟಿಸದಿದ್ದರೆ ಜಮೀನು ಕೈತಪ್ಪುತ್ತದೆ. ಅಂದರೆ ಮಗುವನ್ನು ದೇವಸ್ಥಾನಕ್ಕೆ ತಳ್ಳುತ್ತಿದ್ದದ್ದು ಬರೀ ನಂಬಿಕೆಯಲ್ಲ, ಪಹಣಿ. ಈಗ ಯೋಚಿಸಿ. ಒಳ್ಳೆಯ ಮನಸ್ಸಿನ ಸುಧಾರಕನೊಬ್ಬ ಬಂದು ನೇರವಾಗಿ ‘ಇನ್ನು ಸೇವೆ ನಿಷಿದ್ಧ’ ಎಂದು ಕಾನೂನು ಮಾಡಿದರೆ ಏನಾಗುತ್ತಿತ್ತು? ಸೇವೆ ಇಲ್ಲ, ಆದ್ದರಿಂದ ಷರತ್ತು ಮುರಿಯಿತು, ಆದ್ದರಿಂದ ಜಮೀನು ದೇವಸ್ಥಾನಕ್ಕೆ ವಾಪಸ್. ಧರ್ಮದರ್ಶಿಗಳಿಗೆ ಹಬ್ಬ. ಮುದುಕಿ, ಅವಳ ಮಗಳು, ಮೊಮ್ಮಗಳು ಎಲ್ಲರೂ ಬೀದಿಗೆ. ಸುಧಾರಣೆಯ ಹೆಸರಿನಲ್ಲಿ ಹೆಂಗಸರ ಆಸ್ತಿ ಗಂಡಸರಿಗೆ ಸೇರುತ್ತಿತ್ತು.

ಮದರಾಸು ಹಿಂದೂ ಧಾರ್ಮಿಕ ದತ್ತಿ ಕಾಯ್ದೆಗೆ 1929ರಲ್ಲಿ ತಿದ್ದುಪಡಿಯಾಗಿ ಸೇರಿದ 44-ಎ ಕಲಮು ಈ ಗಂಟನ್ನು ಬಿಚ್ಚಿತು. ಜಮೀನಿಗೂ ಸೇವೆಗೂ ಇದ್ದ ನಂಟನ್ನು ಕಡಿದಿತು. ಹೆಂಗಸಿಗೆ ಸೇವೆಯ ಹೊರೆ ಇಲ್ಲ, ಜಮೀನು ಅವಳಲ್ಲೇ ಉಳಿಯುತ್ತದೆ, ಸರ್ಕಾರ ಗೊತ್ತುಮಾಡಿದ ಕಂದಾಯ ಕಟ್ಟಿಕೊಂಡು ಅನುಭವಿಸಬಹುದು. ಬರೀ ಕಂದಾಯದ ಪಾಲು ಇದ್ದವರಿಗೆ ಬದುಕಿರುವವರೆಗೂ ಅದು ಸಿಗುತ್ತದೆ. ಯಾರನ್ನೂ ಜೈಲಿಗೆ ಹಾಕುವ ಮಾತಿಲ್ಲ, ಯಾರ ನಡತೆಯ ವಿಚಾರಣೆಯೂ ಇಲ್ಲ. ಅಮ್ಮನಿಗೆ ಮಗಳನ್ನು ಕೊಡಬೇಕಾದ ಕಾರಣವನ್ನೇ ತೆಗೆದುಹಾಕಿ ಸುಮ್ಮನಾಯಿತು. ನನ್ನ ಲೆಕ್ಕದಲ್ಲಿ ಆ ನಾಲ್ಕು ವರ್ಷದ ಶಾಸಕಿ ಜೀವನದ ಅತಿ ದೊಡ್ಡ ಕೆಲಸ ಇದು. ಇದಕ್ಕೆ ಡೈಲಾಗಿಲ್ಲ, ಆದ್ದರಿಂದ ವಾಟ್ಸ್ಯಾಪಿಲ್ಲ.

ಪಕ್ಕದಲ್ಲಿ ಮೈಸೂರಿನ ಉದಾಹರಣೆ ಇತ್ತು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ: ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ನಿಲ್ಲಿಸಿತು, ಒಪ್ಪೋಣ. ಆದರೆ ಅದು ಮೇಲಿನಿಂದ ಇಳಿದ ಸರ್ಕಾರಿ ಆದೇಶ. ದಿವಾನರ ಕಚೇರಿಯ ಫೈಲಿನಲ್ಲಿ ಹುಟ್ಟಿ, ದೇವಸ್ಥಾನದ ಪಾರುಪತ್ತೇಗಾರರಿಗೆ ತಲುಪಿತು. ಮದರಾಸಿನಲ್ಲಿ ನಡೆದದ್ದು ವಾದ. ಪರ, ವಿರೋಧ, ತಿದ್ದುಪಡಿ, ಮನವಿ, ಪತ್ರಿಕೆಗಳಲ್ಲಿ ಜಗಳ. ಅದು ನಿಧಾನ, ಕೊಳಕು, ಬೇಸರ ತರಿಸುವ ದಾರಿ. ಶಾಸನಸಭೆ ಎಂದರೆ ಅದೇ ತಾನೇ.

ಇಷ್ಟು ಹೊಗಳಿದ ಮೇಲೆ ಎದುರಾಳಿಗಳ ಮಾತು. ಅವರಲ್ಲಿ ಮುಖ್ಯರಾದವರು ನಮ್ಮವರೇ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಸಂಗೀತ ವಿದುಷಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಸಾಯುವವರೆಗೂ ದೇವದಾಸಿ ಎಂದು ಹೇಳಿಕೊಳ್ಳಲು ನಾಚದವರು. ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಅವರು ಪೂರ್ಣ ರೂಪದಲ್ಲಿ ಪ್ರಕಟಿಸಿದರು. ಮದರಾಸು ಸರ್ಕಾರ ಅದು ಅಶ್ಲೀಲವೆಂದು ಪ್ರತಿಗಳನ್ನು ಜಪ್ತಿ ಮಾಡಿಸಿತು. ಅಂಥ ನಾಗರತ್ನಮ್ಮ, ಮುತ್ತುಲಕ್ಷ್ಮಿಯವರ ಪ್ರಯತ್ನದ ವಿರುದ್ಧ ದೇವದಾಸಿಯರ ಸಂಘದ ಮುಂಚೂಣಿಯಲ್ಲಿ ನಿಂತರು. ಮನವಿಗಳು ಹೋದವು. ಅವುಗಳ ಸಾರ ಇಷ್ಟು: ನಾವೆಲ್ಲ ವೇಶ್ಯೆಯರಲ್ಲ, ನಮಗೆ ಶಾಸ್ತ್ರವಿದೆ, ಕಲೆಯಿದೆ, ಆಸ್ತಿಯ ಹಕ್ಕಿದೆ, ಮಗಳಿಗೆ ವಾರಸುದಾರಿಕೆ ಕೊಡುವ ಪದ್ಧತಿಯಿದೆ, ಕೆಟ್ಟದ್ದಿದ್ದರೆ ಅದನ್ನು ಸರಿಪಡಿಸಿ, ನಮ್ಮನ್ನೇ ಅಳಿಸಬೇಡಿ, ಮತ್ತು ನಮ್ಮನ್ನು ಕೇಳದೆ ನಮ್ಮ ಬಗ್ಗೆ ಕಾನೂನು ಮಾಡಬೇಡಿ.

ಕೊನೆಯ ಮಾತಿಗೆ ಮುತ್ತುಲಕ್ಷ್ಮಿಯವರ ಬಳಿ ಸರಿಯಾದ ಉತ್ತರ ಇರಲಿಲ್ಲ. ಡಾಕ್ಟರಿಕೆ ಅಡ್ಡ ಬಂದದ್ದು ಇಲ್ಲೇ. ಅವರ ಭಾಷಣಗಳಲ್ಲಿ, ಬರಹಗಳಲ್ಲಿ ದೇವದಾಸಿ ಎಂಬವಳು ಪದೇ ಪದೇ ಒಂದು ಕೇಸಾಗಿ ಬರುತ್ತಾಳೆ. ಗುಹ್ಯರೋಗದ ಕೇಸು, ನೈತಿಕ ಆರೋಗ್ಯದ ಕೇಸು, ಸಮಾಜದ ದೇಹದ ಮೇಲಿನ ಹುಣ್ಣು. ಹುಣ್ಣನ್ನು ಯಾರಾದರೂ ಅಭಿಪ್ರಾಯ ಕೇಳುತ್ತಾರೆಯೇ? ರೋಗಿ ‘ನನಗೆ ಚಿಕಿತ್ಸೆ ಬೇಡ’ ಎಂದರೆ ಅದೂ ರೋಗದ ಲಕ್ಷಣವೇ ಎಂದು ಡಾಕ್ಟರು ಬರೆದುಕೊಳ್ಳಬಹುದು. ಶಾಸಕಿ ಹಾಗೆ ಬರೆದುಕೊಳ್ಳಕೂಡದು. ಓಪಿಡಿಯ ಹೊರಗೆ ಸಾಲು ನಿಂತವರು ತಾವಾಗಿಯೇ ಬಂದವರು. ಕಾನೂನು ಯಾರ ಮೇಲೆ ಬೀಳುತ್ತದೋ ಅವರು ತಾವಾಗಿ ಬಂದವರಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಡಾಕ್ಟರು ಶಾಸನಸಭೆಯಲ್ಲಿ ಅಪಾಯಕಾರಿ, ಎಷ್ಟೇ ಸಜ್ಜನರಾಗಿರಲಿ. ನಾಗರತ್ನಮ್ಮನವರ ಪುಸ್ತಕವನ್ನು ಅಶ್ಲೀಲ ಎಂದ ಸರ್ಕಾರದ ಭಾಷೆಗೂ, ಅವರ ಬದುಕನ್ನು ಅನಾರೋಗ್ಯ ಎಂದ ಸುಧಾರಕರ ಭಾಷೆಗೂ ನೆಂಟಸ್ತಿಕೆ ಇದೆ.

ಅಮ್ಮನ ವಿಷಯ ನೆನಪಿಡಿ ಎಂದಿದ್ದೆ. ಮುತ್ತುಲಕ್ಷ್ಮಿಯವರು ತಮ್ಮ ತಾಯಿಯ ಹಿನ್ನೆಲೆಯನ್ನು ಸಾರ್ವಜನಿಕ ವಾದದಲ್ಲಿ ಬಾವುಟದಂತೆ ಎತ್ತಿ ಹಿಡಿಯಲಿಲ್ಲ. ಇದನ್ನು ಮುಚ್ಚಿಟ್ಟದ್ದು, ನಾಚಿಕೆ, ಮೇಲ್ಜಾತಿಯ ಗೌರವಕ್ಕೆ ಹಂಬಲಿಸಿದ್ದು ಎಂದು ಇತ್ತೀಚಿನ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಈ ಮಾತು ಕೇಳಿದಾಗ ಸಿಟ್ಟು ಬರುತ್ತದೆ. ಸಭೆಯ ತುಂಬ ಗಂಡಸರು ಕೂತಿರುವಾಗ, ಅವರಲ್ಲಿ ಎಷ್ಟು ಜನರ ಮನೆತನದ ಗಂಡಸರು ಆ ಬೀದಿಗಳಿಗೆ ಹೋಗಿ ಬಂದವರೋ, ಒಬ್ಬಳೇ ಹೆಂಗಸು ಎದ್ದುನಿಂತು ‘ನನ್ನ ತಾಯಿಯ ಕುಲ ಇದು’ ಎಂದು ಹೇಳಿ ತನ್ನ ಪ್ರಾಮಾಣಿಕತೆಗೆ ಸರ್ಟಿಫಿಕೇಟು ತೋರಿಸಬೇಕಿತ್ತೇ? ಗಂಡು ಸದಸ್ಯರು ಯಾರೂ ತಮ್ಮ ಅಪ್ಪಂದಿರ ಬಗ್ಗೆ ಹೇಳಿಕೊಳ್ಳಲಿಲ್ಲವಲ್ಲ.

ಈಗ ನನ್ನ ಸಾಹಿತ್ಯದ ಗೆಳೆಯರ ಕಡೆ ತಿರುಗುತ್ತೇನೆ, ಏಕೆಂದರೆ ಈ ಪುಟ ಓದುವವರು ಹೆಚ್ಚಾಗಿ ಅವರೇ. ಕಳೆದ ಕೆಲವು ವರ್ಷಗಳಿಂದ ನಮ್ಮ ಗೋಷ್ಠಿಗಳಲ್ಲಿ ಗಾಳಿ ಬದಲಾಗಿದೆ. ನಾಗರತ್ನಮ್ಮ ನಾಯಕಿ, ಮುತ್ತುಲಕ್ಷ್ಮಿ ಖಳನಾಯಕಿ. ಒಬ್ಬರು ಕಲೆ, ಶೃಂಗಾರ, ಸ್ವಾತಂತ್ರ್ಯ. ಇನ್ನೊಬ್ಬರು ವಿಕ್ಟೋರಿಯನ್ ಮಡಿ. ಕೇಳಲು ಚೆನ್ನಾಗಿದೆ. ಆದರೆ ಆ ವಾದದಲ್ಲಿ ಒಬ್ಬಳು ಕಾಣೆಯಾಗಿದ್ದಾಳೆ, ಆ ಇಡೀ ಜಗಳ ನಡೆದದ್ದೇ ಅವಳ ಸುತ್ತ: ತಾಳಿ ಕಟ್ಟಿಸಿಕೊಳ್ಳುವ ಹುಡುಗಿ. ಅವಳಿಗೆ ಎಂಟೋ ಹತ್ತೋ ವರ್ಷ. ಅವಳು ಶೃಂಗಾರಕಾವ್ಯ ಸಂಪಾದಿಸಿಲ್ಲ. ನಾಗರತ್ನಮ್ಮನವರಂತೆ ವೀಣೆ ಧನಮ್ಮಾಳರಂತೆ ಆದವರು ಬೆರಳೆಣಿಕೆಯ ಜನ. ಅವರ ಪ್ರತಿಭೆಯ ಬೆಳಕಿನಲ್ಲಿ ನಿಂತು, ಆ ಬೆಳಕು ತಲುಪದ ಮನೆಗಳಲ್ಲಿದ್ದ ಹುಡುಗಿಯರ ಬದುಕನ್ನು ‘ಸ್ವಾಯತ್ತತೆ’ ಎಂದು ಕರೆಯುವುದು ಸುಲಭ. ದೊಡ್ಡವರಾದ ಮೇಲೆ ಏನು ಬೇಕಾದರೂ ಆಗುವ ಹಕ್ಕನ್ನು ನಾನು ಒಪ್ಪುತ್ತೇನೆ. ಎಂಟು ವರ್ಷದವಳ ಪರವಾಗಿ ಅವಳಜ್ಜಿ ಒಪ್ಪಿಕೊಳ್ಳುವ ಹಕ್ಕನ್ನು ಒಪ್ಪುವುದಿಲ್ಲ. 1927ರ ಗೊತ್ತುವಳಿ ಮಾತಾಡಿದ್ದು ಎಂಟು ವರ್ಷದವಳ ಬಗ್ಗೆ.

ಕಲೆ ನಾಶವಾಯಿತು ಎಂಬ ಕೊರಗಿನ ಹಿಂದೆಯೂ ಸ್ವಲ್ಪ ನೋಡಬೇಕು. 1932ರ ಕೊನೆಯಲ್ಲಿ ಮದರಾಸಿನ ಪತ್ರಿಕೆಗಳಲ್ಲಿ ಮುತ್ತುಲಕ್ಷ್ಮಿಯವರಿಗೂ ವಕೀಲ ಇ. ಕೃಷ್ಣ ಅಯ್ಯರ್ ಅವರಿಗೂ ನೃತ್ಯದ ವಿಷಯದಲ್ಲಿ ಜೋರು ಪತ್ರಯುದ್ಧವಾಯಿತು. ನೃತ್ಯ ಬೇಡ ಎಂದು ಅವರು, ನೃತ್ಯ ಉಳಿಯಲಿ ಎಂದು ಇವರು. ಗೆದ್ದದ್ದು ಕೃಷ್ಣ ಅಯ್ಯರ್. ಸದಿರ್ ಹೋಗಿ ಭರತನಾಟ್ಯ ಎಂಬ ಹೆಸರು ನಿಂತಿತು. 1935ರಲ್ಲಿ ರುಕ್ಮಿಣೀದೇವಿ ವೇದಿಕೆಯ ಮೇಲೆ ಬಂದರು, ಮರುವರ್ಷ ಅಡ್ಯಾರಿನಲ್ಲಿ ಕಲಾಕ್ಷೇತ್ರ ಹುಟ್ಟಿತು. ಅಂದರೆ ಕಲೆ ಉಳಿಯಿತು, ಕಲಾವಿದೆಯರ ಮನೆತನ ಬದಲಾಯಿತು. ಬಾಲಸರಸ್ವತಿಯಂಥ ಒಬ್ಬಿಬ್ಬರನ್ನು ಬಿಟ್ಟರೆ ಆ ಮನೆಗಳ ಹೆಣ್ಣುಮಕ್ಕಳು ವೇದಿಕೆಯಿಂದ ಸರಿದುಹೋದರು. ಇದಕ್ಕೆ ಮುತ್ತುಲಕ್ಷ್ಮಿಯವರನ್ನು ಒಬ್ಬರನ್ನೇ ಬೈಯುವವರು, ಸಭಾಗಳಲ್ಲಿ ಟಿಕೆಟು ಕೊಂಡು ಕೂತ ನಮ್ಮ ತಾತ ಮುತ್ತಾತಂದಿರನ್ನು ಯಾಕೆ ಬೈಯುವುದಿಲ್ಲ? ಸದಿರ್ ಎಂದರೆ ಮೂಗು ಮುಚ್ಚಿಕೊಂಡು, ಅದನ್ನೇ ಭರತನಾಟ್ಯ ಎಂದರೆ ಮಗಳನ್ನು ಕ್ಲಾಸಿಗೆ ಸೇರಿಸಿದವರು ಶಾಸನಸಭೆಯ ಸದಸ್ಯರಲ್ಲ, ಮಧ್ಯಮವರ್ಗದ ಸಂಸಾರಗಳು.

ಆದರೆ ಮುತ್ತುಲಕ್ಷ್ಮಿಯವರ ಎರಡು ತಪ್ಪುಗಳನ್ನು ಬಿಡಲಾರೆ.

ಒಂದು, ರಾಜೀನಾಮೆ. 1930ರಲ್ಲಿ ಗಾಂಧಿಯ ಬಂಧನವನ್ನು ಪ್ರತಿಭಟಿಸಿ ಅವರು ಪರಿಷತ್ತು ಬಿಟ್ಟರು. ಎಲ್ಲರೂ ಇದನ್ನು ತ್ಯಾಗವೆಂದೇ ಬರೆಯುತ್ತಾರೆ. ಆಗ ಅವರ ಎರಡನೆಯ ಮಸೂದೆ, ಅರ್ಪಣೆಯನ್ನೇ ನಿಷೇಧಿಸುವ ಮಸೂದೆ, ಸಭೆಯ ಮುಂದೆ ಬಂದಿತ್ತಷ್ಟೆ. ಅದನ್ನು ಹೊತ್ತು ನಡೆಸುವವರು ಒಳಗೆ ಯಾರೂ ಉಳಿಯಲಿಲ್ಲ. ಕಾನೂನು ಆದದ್ದು 1947ರಲ್ಲಿ. ನಡುವೆ ಹದಿನೇಳು ವರ್ಷ. 1930ರಲ್ಲಿ ಹುಟ್ಟಿದ ಹುಡುಗಿ 1947ರಲ್ಲಿ ಹದಿನೇಳರವಳು. ಅವಳ ತಾಳಿ ಯಾವತ್ತೋ ಕಟ್ಟಿ ಆಗಿರುತ್ತದೆ. ಗಾಂಧಿಯನ್ನು ಬಿಡಿಸಲು ಮದರಾಸು ಪರಿಷತ್ತಿನ ಒಂದು ರಾಜೀನಾಮೆಯಿಂದ ಆಗುವುದೇನೂ ಇರಲಿಲ್ಲ. ಆ ಹುಡುಗಿಗೆ ಆ ಒಂದು ಕುರ್ಚಿಯೇ ಎಲ್ಲ ಆಗಿತ್ತು. ಆ ಕಾಲದ ಬಿಸಿ ಗೊತ್ತಿಲ್ಲದೆ ಇವತ್ತು ಕೂತು ಹೀಗೆ ಬರೆಯುವುದು ಸುಲಭ ಎನ್ನಬಹುದು ನೀವು. ಇರಬಹುದು. ಆದರೆ ಡಾಕ್ಟರು ಆಪರೇಷನ್ ಟೇಬಲ್ಲಿನಿಂದ ಅರ್ಧಕ್ಕೆ ಎದ್ದು ಹೋದರೆ ನಾವು ತ್ಯಾಗ ಎನ್ನುವುದಿಲ್ಲ. ಇಲ್ಲಿಯಾದರೂ ಅವರು ಡಾಕ್ಟರಾಗಿ ಉಳಿಯಬೇಕಿತ್ತು.

ಪರಿಷತ್ತಿನ ಹೊರಗೆ ಅವರು ಸುಮ್ಮನಿರಲಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. ದೇವದಾಸಿ ಮನೆಗಳಿಂದ ಬಂದ ಹುಡುಗಿಯರಿಗೆ ಹಾಸ್ಟೆಲುಗಳು ಬಾಗಿಲು ಮುಚ್ಚಿದಾಗ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವ್ವೈ ಹೋಂ ಹುಟ್ಟಿದ್ದು ಹಾಗೆ. ಕಾನೂನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ಯಾರಾದರೂ ತೆಗೆಯಬೇಕು ಎಂಬುದು ಅವರಿಗೆ ಗೊತ್ತಿತ್ತು.

ಎರಡನೆಯ ತಪ್ಪು 1947ರ ಕಾಯ್ದೆಯ ಒಳಗಿದೆ. ಅಷ್ಟರಲ್ಲಿ ಅವರು ಸದಸ್ಯೆಯಲ್ಲ, ಆದರೆ ವರ್ಷಗಟ್ಟಲೆ ಅದಕ್ಕಾಗಿ ಒತ್ತಾಯಿಸಿದವರು ಅವರೇ. ಅರ್ಪಣೆ ನಿಷಿದ್ಧ, ಸರಿ. ಅರ್ಪಿತಳಾದವಳು ಮದುವೆಯಾಗಬಹುದು, ಸರಿ. ಆದರೆ ಆ ಕಾಯ್ದೆ ಅಲ್ಲಿಗೆ ನಿಲ್ಲಲಿಲ್ಲ. ದೇವಸ್ಥಾನದ ಆವರಣದಲ್ಲಿ, ದೇವರ ಉತ್ಸವದ ಮೆರವಣಿಗೆಯಲ್ಲಿ ಹೆಂಗಸು ನೃತ್ಯ ಮಾಡುವುದೇ ಕಾನೂನುಬಾಹಿರ ಎಂದಿತು. 1929ರ ಕಲಮು ಅಮ್ಮನ ಕೈಯಲ್ಲಿ ಜಮೀನು ಬಿಟ್ಟಿತ್ತು. 1947ರದ್ದು ಅವಳ ಕಾಲಿನಿಂದ ಗೆಜ್ಜೆ ಬಿಚ್ಚಿಸಿತು. ಮಗುವನ್ನು ಕಾಪಾಡಲು ಹೊರಟ ಕಾನೂನು ಮುದುಕಿಯ ವಿದ್ಯೆಯನ್ನು ಅಪರಾಧ ಮಾಡಿತು. ನಾಗರತ್ನಮ್ಮನವರ ಸಂಘ ಇಪ್ಪತ್ತು ವರ್ಷ ಮೊದಲು ಹೆದರಿದ್ದು ಇದಕ್ಕೇ. ಇವತ್ತು ಶಿವರಾತ್ರಿಗೆ ಚಿದಂಬರದ ನಾಟ್ಯಾಂಜಲಿಗೆ ಹೋಗಿ ನೋಡಿ: ಬೆಂಗಳೂರಿನಿಂದ, ಅಮೆರಿಕದಿಂದ ಬಂದ ಒಳ್ಳೆಯ ಮನೆತನದ ಹುಡುಗಿಯರು ನಟರಾಜನೆದುರು ಕುಣಿಯುತ್ತಾರೆ, ಅಪ್ಪಂದಿರು ವಿಡಿಯೋ ತೆಗೆಯುತ್ತಾರೆ. ಆ ಹಕ್ಕು ಮೊದಲು ಯಾರದ್ದಾಗಿತ್ತೋ ಅವರ ಮೊಮ್ಮಕ್ಕಳು ಆ ಸಾಲಿನಲ್ಲಿ ಎಷ್ಟು ಜನ?

ನಮ್ಮ ಬಳ್ಳಾರಿಯ ಮಾತು ಆಡದೆ ಈ ಬರಹ ಮುಗಿಸಲಾರೆ. ಬಳ್ಳಾರಿ ಜಿಲ್ಲೆಯೂ ಆಗ ಮದರಾಸಿಗೇ ಸೇರಿತ್ತು, ಮುತ್ತುಲಕ್ಷ್ಮಿಯವರ ಕಾನೂನು ಅಲ್ಲಿಗೂ ಅನ್ವಯಿಸುತ್ತಿತ್ತು. ಆದರೆ ಅಲ್ಲಿ ನಡೆಯುತ್ತಿದ್ದದ್ದು ತಂಜಾವೂರಿನ ಕಥೆಯಲ್ಲ. ಅಲ್ಲಿ ಬಸವಿ ಬಿಡುತ್ತಿದ್ದರು. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳನ್ನೇ ಬಸವಿ ಮಾಡಿ, ಅಪ್ಪನ ಮನೆಯಲ್ಲೇ ಉಳಿಸಿಕೊಂಡು, ಆಸ್ತಿಗೆ ಅವಳನ್ನೇ ಹಕ್ಕುದಾರಳನ್ನಾಗಿ ಮಾಡುವ ಪದ್ಧತಿ. ಹರಕೆಗಾಗಿ ಬಿಟ್ಟವರೂ ಉಂಟು, ಹೊಟ್ಟೆಗಿಲ್ಲದೆ ಬಿಟ್ಟವರೂ ಉಂಟು. ಇವರಲ್ಲಿ ಹೆಚ್ಚಿನವರು ದಲಿತರು, ನಾಯಕರು. ದೇವಸ್ಥಾನದ ದಫ್ತರದಲ್ಲಿ ಇವರ ಹೆಸರಿಲ್ಲ, ಇನಾಮಿಲ್ಲ, ರಾಗತಾಳದ ಪಾಠವಿಲ್ಲ. 44-ಎ ಕಲಮು ಬಿಡಿಸಿಕೊಡಲು ಇವರ ಬಳಿ ಜಮೀನೇ ಇರಲಿಲ್ಲ. ಮುತ್ತುಲಕ್ಷ್ಮಿಯವರೂ ಕಾಣಲಿಲ್ಲ, ನಾಗರತ್ನಮ್ಮನವರೂ ಕಾಣಲಿಲ್ಲ. ಇಬ್ಬರ ಕಣ್ಣಲ್ಲೂ ದೇವದಾಸಿ ಎಂದರೆ ಕಾವೇರಿ ದಂಡೆಯ ದೊಡ್ಡ ದೇವಸ್ಥಾನದವಳು. ಇಂದಿಗೂ ನಮ್ಮ ಗೋಷ್ಠಿಗಳ ಜಗಳ ಅಲ್ಲಿಯೇ ಸುತ್ತುತ್ತಿದೆ.

ಕರ್ನಾಟಕ ತನ್ನ ನಿಷೇಧ ಕಾಯ್ದೆಯನ್ನು 1982ರಲ್ಲಿ ಮಾಡಿತು. ಅರ್ಪಿಸುವುದು ಅಪರಾಧ, ಅರ್ಪಿಸಿದವರಿಗೆ ಜೈಲು, ದಂಡ. 1929ರ ಪಾಠ ನಮ್ಮ ಶಾಸಕರಿಗೆ ಅರ್ಧ ಶತಮಾನದ ನಂತರವೂ ತಲುಪಿರಲಿಲ್ಲ: ಮೊದಲು ನೆಲ ಕೊಡು, ಆಮೇಲೆ ಬೇಡವೆನ್ನು. 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ಸೇರಿ 46 ಸಾವಿರಕ್ಕೂ ಹೆಚ್ಚು ಹೆಂಗಸರ ಹೆಸರು ದಾಖಲಾಯಿತು. ಅವರ ಮಾಸಾಶನಕ್ಕಾಗಿ, ಮನೆಗಾಗಿ, ಒಂದೆರಡು ಎಕರೆ ಜಮೀನಿಗಾಗಿ ಅವರದೇ ಸಂಘಟನೆಗಳು ವರ್ಷಗಳಿಂದ ಜಿಲ್ಲಾಧಿಕಾರಿ ಕಚೇರಿಗಳ ಮುಂದೆ ಕೂರುತ್ತಿವೆ. ಅವರ ಬೇಡಿಕೆ ಪಟ್ಟಿ ನೋಡಿದ್ದೇನೆ. ಅದರಲ್ಲಿ ಜಮೀನು ಮೇಲಿನ ಸಾಲಿನಲ್ಲೇ ಇದೆ.

ಮುತ್ತುಲಕ್ಷ್ಮಿಯವರು ಕೊನೆಗೆ ಡಾಕ್ಟರಿಕೆಗೇ ಮರಳಿದರು. ತಂಗಿಯೊಬ್ಬರು ಕ್ಯಾನ್ಸರಿನಿಂದ ತೀರಿಕೊಂಡದ್ದು ಅವರನ್ನು ಬಿಟ್ಟಿರಲಿಲ್ಲ. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1954ರಲ್ಲಿ ಅಡ್ಯಾರಿನಲ್ಲಿ ಬಾಗಿಲು ತೆರೆಯಿತು. ಅದೇ ಅಡ್ಯಾರಿನಲ್ಲಿ ಅವ್ವೈ ಹೋಂ, ಅಲ್ಲೇ ಕಲಾಕ್ಷೇತ್ರ ಶುರುವಾದದ್ದು. ಚೆನ್ನೈಗೆ ಹೋದವರು ಒಂದು ಬೆಳಿಗ್ಗೆಯಲ್ಲಿ ಮೂರೂ ಜಾಗ ನೋಡಿ ಬರಬಹುದು. ನಾನು ಹೋದಾಗ ಆಸ್ಪತ್ರೆಯ ಗೇಟಿನ ಬಳಿ ಆಟೋದವನನ್ನು ಕೇಳಿದೆ, ಇದನ್ನು ಕಟ್ಟಿಸಿದವರು ಯಾರು ಗೊತ್ತಾ ಅಂತ. ಗೊತ್ತು ಸಾರ್ ಅಂದ. ಯಾರು ಅಂದೆ. ಮೊದಲ ಲೇಡಿ ಎಮ್ಮೆಲ್ಲೆ, ಅಂದ.